ಮೈಕ್ರೋಕಂಟ್ರೋಲರ್ ಕಲಿಯಲು ಮೊದಲ ಬೋರ್ಡ್ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

“ಯಾವ ಬೋರ್ಡ್ ತಗೊಳ್ಳಲಿ?” ಅಂತ ಕೇಳಿದವರನ್ನು ನಾನು ಮೊದಲು ತಿರುಗಿ ಕೇಳುವುದು ಇಷ್ಟೇ: ಇನ್ನೊಂದು ತಿಂಗಳಲ್ಲಿ ಏನು ಮಾಡಿ ನೋಡಬೇಕು ಅಂತ ಆಸೆ ಇದೆ? ಟ್ಯಾಂಕ್ ತುಂಬಿದಾಗ ಕೂಗುವ ಅಲಾರಂ ಬೇಕು ಅನ್ನುವವರಿಗೂ, ಫೋನಿನಿಂದ ಲೈಟ್ ಆರಿಸಬೇಕು ಅನ್ನುವವರಿಗೂ, ಭಾನುವಾರ ಮಗಳ ಜೊತೆ ಕೂತು ಏನಾದರೂ ಮಾಡಬೇಕು ಅನ್ನುವವರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಹೊಸಬರಿಗೆ ಹೇಳಿಕೊಡುವಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಮೈಕ್ರೋಕಂಟ್ರೋಲರ್ ಅಂದರೆ ನೀವು ಬರೆದ ಒಂದು ಪ್ರೋಗ್ರಾಂ ಓಡಿಸುವ ಪುಟ್ಟ ಚಿಪ್, ಬೋರ್ಡ್ ಅಂದರೆ ಆ ಚಿಪ್ ಕೂರಿಸಿರುವ ಹಲಗೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿದರೂ ಸಾಕು.

ಸುತ್ತಿ ಬಳಸಿ ಬೇಡ. ಒಂದು ಹೆಸರು ಹೇಳಿ.

ಎಲೆಕ್ಟ್ರಾನಿಕ್ಸೂ ಗೊತ್ತಿಲ್ಲ, ಕೋಡಿಂಗೂ ಗೊತ್ತಿಲ್ಲ ಅಂದರೆ ಆರ್ಡುಯಿನೊ ಯುನೊ. ಪೈಥಾನ್ ಸ್ವಲ್ಪ ಬರುತ್ತದೆ ಅಂದರೆ ರಾಸ್ಪ್‌ಬೆರಿ ಪೈ ಪಿಕೊ. ವೈಫೈ ಇಲ್ಲದಿದ್ದರೆ ನಿಮ್ಮ ಪ್ರಾಜೆಕ್ಟೇ ಇಲ್ಲ ಅಂದರೆ ಇಎಸ್‌ಪಿ32. ಕಲಿಯುವವರು ಚಿಕ್ಕ ಮಕ್ಕಳಾದರೆ ಮೈಕ್ರೋಬಿಟ್.

ಈ ನಾಲ್ಕರಲ್ಲಿ ಯಾವುದನ್ನು ತಗೊಂಡರೂ ದುಡ್ಡು ದಂಡವಾಗುವುದಿಲ್ಲ. ಮೂರು ಬೋರ್ಡ್ ಒಟ್ಟಿಗೆ ತಂದು, ಒಂದರಲ್ಲಿ ಸಿಕ್ಕಿಕೊಂಡ ಕೂಡಲೇ ಇನ್ನೊಂದಕ್ಕೆ ಹಾರಿದವರು ಮಾತ್ರ ಎಲ್ಲಿಗೂ ತಲುಪುವುದಿಲ್ಲ. ಅಂಥವರನ್ನು ತುಂಬಾ ನೋಡಿದ್ದೇನೆ. ಒಂದನ್ನು ಹಿಡಿದು ಕನಿಷ್ಠ ಮೂರು ತಿಂಗಳು ಅದರಲ್ಲೇ ಇರಿ.

ರಾಸ್ಪ್‌ಬೆರಿ ಪೈ, ಪಿಕೊ ಎರಡೂ ಒಂದೇ ಅಲ್ವಾ?

ಅಲ್ಲ. ಕಂಪನಿ ಒಂದೇ, ವಸ್ತು ಬೇರೆ. ರಾಸ್ಪ್‌ಬೆರಿ ಪೈ ಅನ್ನುವುದು ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್. ಅದಕ್ಕೆ ಮಾನಿಟರ್ ಹಾಕಬಹುದು, ಬ್ರೌಸರ್ ತೆರೆಯಬಹುದು. ಆದರೆ ಆನ್ ಮಾಡಿದರೆ ಬೂಟ್ ಆಗಲು ಸ್ವಲ್ಪ ಹೊತ್ತು ಬೇಕು. ಓಡುತ್ತಿರುವಾಗ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡಬಹುದು. ಸೆನ್ಸರ್ ಕೊಡುವ ವೋಲ್ಟೇಜನ್ನು ನೇರವಾಗಿ ಅಳೆಯುವ ಅನಲಾಗ್ ಪಿನ್ ಕೂಡ ಅದರಲ್ಲಿಲ್ಲ.

ಪಿಕೊ ಮೈಕ್ರೋಕಂಟ್ರೋಲರ್ ಬೋರ್ಡ್. ಅದರೊಳಗೆ ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ. ನೀವು ಬರೆದ ಒಂದು ಪ್ರೋಗ್ರಾಂ ಮಾತ್ರ ಇರುತ್ತದೆ. ಕರೆಂಟ್ ಬಂದ ಕ್ಷಣ ಅದು ಓಡಲು ಶುರು, ಹೋದ ಕ್ಷಣ ನಿಲ್ಲುತ್ತದೆ. ನಿಮ್ಮ ಮನೆಯ ವಾಷಿಂಗ್ ಮಷಿನ್, ಮೈಕ್ರೋವೇವ್, ಎಸಿ ರಿಮೋಟ್ ಎಲ್ಲದರ ಒಳಗೂ ಇಂಥದ್ದೇ ಒಂದು ಚಿಪ್ ಕೂತಿದೆ.

ಹಾಗಾಗಿ ಅಂಗಡಿಯಲ್ಲಿ ಸುಮ್ನೆ “ರಾಸ್ಪ್‌ಬೆರಿ ಪೈ ಕೊಡಿ” ಅನ್ನಬೇಡಿ. “ಪಿಕೊ” ಅಂತ ಬಿಡಿಸಿ ಹೇಳಿ. ಎರಡರ ಬೆಲೆಗೂ ಅಜಗಜಾಂತರ.

ಆರ್ಡುಯಿನೊ ಹಳೆಯದಾಯಿತು ಅಂತಾರೆ. ಆದರೂ ಯಾಕೆ ಅದನ್ನೇ ಹೇಳುತ್ತೀರಿ?

ಹಳೆಯದು ಹೌದು. 2005ರಲ್ಲಿ ಇಟಲಿಯ ಇವ್ರೆಯಾ ಅನ್ನುವ ಊರಿನ ಒಂದು ಡಿಸೈನ್ ಕಾಲೇಜಿನಲ್ಲಿ ಹುಟ್ಟಿದ್ದು. ಅಲ್ಲಿನ ವಿದ್ಯಾರ್ಥಿಗಳು ಎಂಜಿನಿಯರುಗಳಲ್ಲ, ಡಿಸೈನ್ ಕಲಿಯಲು ಬಂದವರು. ಅವರ ಕೈಗೆ ಎಟುಕುವ ಬೆಲೆಯಲ್ಲಿ, ಅವರಿಗೆ ಅರ್ಥವಾಗುವ ಹಾಗೆ ಒಂದು ಬೋರ್ಡ್ ಬೇಕು ಅಂತ ಮಾಸ್ಸಿಮೊ ಬಾಂಝಿ ಮತ್ತು ಜೊತೆಗಾರರು ಇದನ್ನು ಮಾಡಿದರು. ಅದಕ್ಕೂ ಮೊದಲು ಅದೇ ಕಾಲೇಜಿನಲ್ಲಿ ಎರ್ನಾಂಡೊ ಬರಗಾನ್ ‘ವೈರಿಂಗ್’ ಅನ್ನುವ ಪ್ರಾಜೆಕ್ಟ್ ಮಾಡಿದ್ದರು. ಇದರ ಬುನಾದಿ ಅದೇ. ಆರ್ಡುಯಿನೊ ಅನ್ನುವುದು ಊರಿನ ಒಂದು ಬಾರಿನ ಹೆಸರು. ಆ ಬಾರಿಗೆ ಹೆಸರು ಬಂದಿದ್ದು ಸುಮಾರು ಸಾವಿರ ವರ್ಷ ಹಿಂದಿನ ಒಬ್ಬ ರಾಜನಿಂದ.

ಏನೂ ಗೊತ್ತಿಲ್ಲದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದು ಅನ್ನುವುದು ಇಂದಿಗೂ ಅದರಲ್ಲಿ ಕಾಣುತ್ತದೆ. ಯುನೊ ಬೋರ್ಡಿನಲ್ಲಿ ಪಿನ್ ನಂಬರ್ ಅಚ್ಚಾಗಿದೆ. ವೈರ್ ಚುಚ್ಚಲು ತೂತುಗಳಿವೆ, ಬೆಸುಗೆ ಹಾಕಬೇಕಾಗಿಲ್ಲ. ಕೇಬಲ್ ಸಿಕ್ಕಿಸಿ, ಸಾಫ್ಟ್‌ವೇರಿನ ಪಟ್ಟಿಯಲ್ಲಿ ಬೋರ್ಡಿನ ಹೆಸರು ಆಯ್ದುಕೊಂಡರೆ ಅಪ್‌ಲೋಡ್ ಮಾಡಬಹುದು.

ಇನ್ನು ಲೆಕ್ಕಕ್ಕೆ ಬಂದರೆ, ಯುನೊ ಆರ್3 ಬೋರ್ಡಿನ ಎಟಿಮೆಗಾ328ಪಿ ಚಿಪ್ 16 ಮೆಗಾಹರ್ಟ್ಜ್‌ನಲ್ಲಿ ಓಡುತ್ತದೆ. ಪ್ರೋಗ್ರಾಂ ಇಡಲು 32 ಕೆಬಿ, ಕೆಲಸ ಮಾಡಲು ರ್‍ಯಾಮ್ ಬರೀ 2 ಕೆಬಿ. ಫೋನಿನ ಒಂದು ಫೋಟೋ ಕೂಡ ಇದರಲ್ಲಿ ಹಿಡಿಸುವುದಿಲ್ಲ. ಆದರೆ ಕಲಿಯುವವರಿಗೆ ಈ ಚಿಕ್ಕತನವೇ ಒಳ್ಳೆಯದು. ಕಡಿಮೆ ವಸ್ತು, ಕಡಿಮೆ ಮೂಲೆ. ಏನು ತಪ್ಪಿದೆ ಅಂತ ಹುಡುಕಬೇಕಾದ ಜಾಗವೂ ಕಡಿಮೆ.

ಒಂದು ಉದಾಹರಣೆ. ಗಿಡಕ್ಕೆ ನೀರು ಬಿಡುವ ಪ್ರೋಗ್ರಾಂ ಬರೆಯುವಾಗ ಒಂದು ನಿಮಿಷ ಕಾಯಲಿ ಅಂತ ನಾನು ಡಿಲೇ ಅನ್ನುವ ಕಾಯಿಸುವ ಆಜ್ಞೆಯೊಳಗೆ 60 * 1000 ಅಂತ ಬರೆದೆ. ಅರವತ್ತು ಸೆಕೆಂಡು, ಒಂದೊಂದು ಸೆಕೆಂಡಿಗೆ ಸಾವಿರ ಮಿಲಿಸೆಕೆಂಡು. ಸರಿಯಾಗಿಯೇ ಇದೆ ಅಲ್ವಾ? ಬೋರ್ಡ್ ಒಮ್ಮೆ ನೀರು ಬಿಟ್ಟು ಸುಮ್ಮನಾಯಿತು. ಒಂದು ಗಂಟೆ ಕಾದರೂ ಅಲ್ಲಾಡಲಿಲ್ಲ. ಯುನೊದಲ್ಲಿ ಸಾಮಾನ್ಯ ಪೂರ್ಣಾಂಕ 16 ಬಿಟ್‌ನದು. ಅದರ ಮಿತಿ 32,767. ಅರವತ್ತು ಸಾವಿರ ಅದರಲ್ಲಿ ಹಿಡಿಸದೆ ಉಕ್ಕಿ, ಮೈನಸ್ 5,536 ಆಗಿಬಿಡುತ್ತದೆ. ಡಿಲೇ ಮೈನಸ್ ಸಂಖ್ಯೆ ತಗೊಳ್ಳುವುದಿಲ್ಲ, ಅದನ್ನು ಒಂದು ದೊಡ್ಡ ಸಂಖ್ಯೆ ಅಂತ ಓದಿಕೊಂಡು ಸುಮಾರು 49 ದಿನ ಕಾಯಲು ಕೂರುತ್ತದೆ. 60ರ ಪಕ್ಕದಲ್ಲಿ ಯು, ಎಲ್ ಅನ್ನುವ ಎರಡು ಇಂಗ್ಲಿಷ್ ಅಕ್ಷರ ಸೇರಿಸಿದೆ, ಸರಿಹೋಯಿತು. ಇಎಸ್‌ಪಿ32 ಆಗಿದ್ದರೆ ಪೂರ್ಣಾಂಕ 32 ಬಿಟ್‌ನದು, ಈ ತೊಂದರೆ ಬರುತ್ತಲೇ ಇರಲಿಲ್ಲ. ಕಂಪ್ಯೂಟರಿನೊಳಗೆ ಸಂಖ್ಯೆಗೂ ಜಾಗ ಬೇಕು ಅನ್ನುವುದು ನನಗೆ ಗಟ್ಟಿಯಾಗಿ ತಲೆಗೆ ಹೋಗಿದ್ದು ಆ ದಿನ.

ಕೊನೆಯ ಕಾರಣ ಎಲ್ಲಕ್ಕಿಂತ ದೊಡ್ಡದು. ರಾತ್ರಿ ಹತ್ತು ಗಂಟೆಗೆ ನೀವು ಯಾವುದೋ ಎರರ್ ಮುಂದೆ ಕೂತಿರುತ್ತೀರಿ. ಅದೇ ಎರರ್ ನಿಮಗಿಂತ ಮೊದಲು ಸಾವಿರ ಜನಕ್ಕೆ ಬಂದಿರಬೇಕು, ಯಾರೋ ಒಬ್ಬರು ಉತ್ತರ ಬರೆದಿರಬೇಕು. ಯುನೊ ವಿಷಯದಲ್ಲಿ ಅದು ಹೆಚ್ಚುಕಮ್ಮಿ ಯಾವಾಗಲೂ ನಿಜ.

ಆರ್3 ತಗೊಳ್ಳಲೋ, ಆರ್4 ತಗೊಳ್ಳಲೋ?

ಯುನೊದ ಆರ್4 ಆವೃತ್ತಿ ಬಂದಿದ್ದು 2023ರಲ್ಲಿ. ಚಿಪ್ 32 ಬಿಟ್‌ನದು, 48 ಮೆಗಾಹರ್ಟ್ಜ್, 32 ಕೆಬಿ ರ್‍ಯಾಮ್. ವೈಫೈ ಇರುವ ಮಾದರಿಯಲ್ಲಿ ಬೋರ್ಡಿನ ಮೇಲೇ 12 × 8 ಎಲ್‌ಇಡಿಗಳ ಪುಟ್ಟ ಪರದೆ ಇದೆ, ನೋಡಲು ಚೆಂದ. ದುಡ್ಡಿದ್ದರೆ ತಗೊಳ್ಳಿ.

ಒಂದು ಎಚ್ಚರಿಕೆ. ಆರ್3 ಬೋರ್ಡಿನ ಒಂದು ಪಿನ್ 20 ಮಿಲಿಆಂಪ್ ಕೊಡುತ್ತದೆ. ಆರ್4ರಲ್ಲಿ 8 ಮಿಲಿಆಂಪ್ ದಾಟಬಾರದು. ಹಳೆಯ ಪಾಠಗಳಲ್ಲಿ ಎಲ್‌ಇಡಿ ಜೊತೆ 220 ಓಮ್ ರೆಸಿಸ್ಟರ್ ಹಾಕಿ ಅಂತ ಇರುತ್ತದೆ. 5 ವೋಲ್ಟಿನಲ್ಲಿ ಎಲ್‌ಇಡಿ 2 ವೋಲ್ಟ್ ತಿಂದರೆ ಉಳಿದ 3 ವೋಲ್ಟಿಗೆ ಸುಮಾರು 13 ಮಿಲಿಆಂಪ್ ಹರಿಯುತ್ತದೆ. ಆರ್4ಗೆ ಅದು ಜಾಸ್ತಿ. 470 ಓಮ್ ಹಾಕಿ.

ಯುನೊ ಕ್ಯೂ ಅನ್ನುವ ಇನ್ನೊಂದು ಬೋರ್ಡ್ 2025ರಲ್ಲಿ ಬಂದಿದೆ. ಅದರಲ್ಲಿ ಮೈಕ್ರೋಕಂಟ್ರೋಲರ್ ಜೊತೆ ಲಿನಕ್ಸ್ ಓಡುವ ಪ್ರೊಸೆಸರೂ ಇದೆ. ಮೊದಲ ಬೋರ್ಡಿಗೆ ಅದು ಬೇಡ.

ಒರಿಜಿನಲ್ ಬೇಕಾ, ಕ್ಲೋನ್ ಸಾಕಾ?

ಕಲಿಯಲು ಕ್ಲೋನ್ ಸಾಕು. ಆರ್ಡುಯಿನೊ ತನ್ನ ಬೋರ್ಡಿನ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದೆ, ಅದನ್ನು ನೋಡಿ ಬೇರೆಯವರು ಬೋರ್ಡ್ ಮಾಡಿ ಮಾರುವುದು ಕಳ್ಳತನವಲ್ಲ. ಹೆಸರು, ಲೋಗೊ ಹಾಕಿಕೊಂಡು ಒರಿಜಿನಲ್ ಅಂತ ಮಾರಿದರೆ ಮಾತ್ರ ತಪ್ಪು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಸಾಮಾನ್ಯವಾಗಿ ಮೊದಲು ಕೈಗೆ ಕೊಡುವುದೇ ಕ್ಲೋನ್.

ಕ್ಲೋನ್‌ಗಳಲ್ಲಿ ಯುಎಸ್‌ಬಿ ಕೆಲಸಕ್ಕೆ ಹೆಚ್ಚಾಗಿ ಸಿಎಚ್340 ಅನ್ನುವ ಅಗ್ಗದ ಚಿಪ್ ಇರುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ ಅದಕ್ಕೆ ಡ್ರೈವರ್ ಬೇರೆಯಾಗಿ ಹಾಕಬೇಕು. ಹಾಕದಿದ್ದರೆ ಬೋರ್ಡ್ ಸಿಕ್ಕಿಸಿದರೂ ಪೋರ್ಟ್ ಪಟ್ಟಿಯಲ್ಲಿ ಕಾಣುವುದಿಲ್ಲ. ಬೋರ್ಡ್ ಕೆಟ್ಟಿದೆ ಅಂದುಕೊಂಡು ವಾಪಸ್ ಮಾಡಲು ಹೋಗಬೇಡಿ.

ಆಯ್ಕೆ ಇದ್ದರೆ ಉದ್ದನೆಯ, ಕಾಲುಗಳಿರುವ ಚಿಪ್ ಸಾಕೆಟ್‌ನಲ್ಲಿ ಕೂತಿರುವ ಬೋರ್ಡ್ ತಗೊಳ್ಳಿ. ತಪ್ಪಾಗಿ ವೈರ್ ಕೊಟ್ಟು ಚಿಪ್ ಸುಟ್ಟರೆ ಅದೊಂದನ್ನೇ ಕಿತ್ತು, ಬೂಟ್‌ಲೋಡರ್ (ಯುಎಸ್‌ಬಿಯಿಂದ ಬಂದ ಪ್ರೋಗ್ರಾಂ ಬರೆದುಕೊಳ್ಳುವ ಪುಟ್ಟ ಪ್ರೋಗ್ರಾಂ) ಇರುವ ಹೊಸದನ್ನು ಕೂರಿಸಬಹುದು. ಕೈ ಪಳಗುವ ತನಕ ಇದೊಂದು ದೊಡ್ಡ ಧೈರ್ಯ.

ಇಎಸ್‌ಪಿ32 ಅಗ್ಗ, ವೇಗ ಜಾಸ್ತಿ, ವೈಫೈ ಬೇರೆ ಇದೆ. ನೇರ ಅದನ್ನೇ ಹಿಡಿದರೆ ಏನು ತಪ್ಪು?

ತಪ್ಪೇನಿಲ್ಲ. ಶಾಂಘೈನ ಎಸ್ಪ್ರೆಸಿಫ್ ಕಂಪನಿ 2016ರಲ್ಲಿ ಇದನ್ನು ಬಿಟ್ಟಿತು. ಎರಡು ಕೋರ್, 240 ಮೆಗಾಹರ್ಟ್ಜ್, 520 ಕೆಬಿ ರ್‍ಯಾಮ್, ವೈಫೈ, ಬ್ಲೂಟೂತ್. ಇಷ್ಟೆಲ್ಲ ಕೆಲವು ನೂರು ರೂಪಾಯಿಗೆ. ಆರ್ಡುಯಿನೊ ಸಾಫ್ಟ್‌ವೇರಿನಲ್ಲೇ ಇದಕ್ಕೂ ಪ್ರೋಗ್ರಾಂ ಬರೆಯಬಹುದು. ಹಠ ಇರುವ ಹುಡುಗರು ಇದರಲ್ಲೇ ಶುರು ಮಾಡಿ ಚೆನ್ನಾಗಿ ಕಲಿತಿದ್ದಾರೆ.

ಆದರೆ ಇದರಲ್ಲಿ ಗುಂಡಿಗಳು ಜಾಸ್ತಿ. ಮೊದಲೇ ಗೊತ್ತಿದ್ದರೆ ಬೀಳುವುದಿಲ್ಲ, ಅದಕ್ಕೇ ಹೇಳುತ್ತೇನೆ.

ಇದು 3.3 ವೋಲ್ಟಿನ ಬೋರ್ಡ್. ಮಾರುಕಟ್ಟೆಯ ಎಷ್ಟೋ ಸೆನ್ಸರುಗಳು 5 ವೋಲ್ಟಿನವು. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ತಗೊಳ್ಳಿ. ಅದರ ಎಕೋ ಪಿನ್ 5 ವೋಲ್ಟ್ ಕಳಿಸುತ್ತದೆ, ನೇರವಾಗಿ ಕೊಟ್ಟರೆ ಇಎಸ್‌ಪಿ32 ಪಿನ್ ಹಾಳಾಗಬಹುದು. ನಡುವೆ 1 ಕೆ ಮತ್ತು 2 ಕೆ (ಅಂದರೆ ಸಾವಿರ, ಎರಡು ಸಾವಿರ ಓಮ್) ರೆಸಿಸ್ಟರ್ ಜೋಡಿ ಹಾಕಿ 3.3ಕ್ಕೆ ಇಳಿಸಬೇಕು.

ಎಲ್ಲ ಪಿನ್ನುಗಳೂ ಒಂದೇ ಅಲ್ಲ. 34ರಿಂದ 39ರವರೆಗಿನವು ಓದಲು ಮಾತ್ರ, ಅವುಗಳಿಂದ ಎಲ್‌ಇಡಿ ಉರಿಸಲು ಆಗುವುದಿಲ್ಲ. 6ರಿಂದ 11ರವರೆಗಿನವನ್ನು ಮುಟ್ಟಲೇಬೇಡಿ, ಒಳಗಿನ ಫ್ಲ್ಯಾಶ್ ಮೆಮೊರಿಗೆ ಕಟ್ಟಿದ್ದಾರೆ. 12ನೇ ಪಿನ್ನಿಗೆ ಆನ್ ಆಗುವ ಹೊತ್ತಿನಲ್ಲಿ ವೋಲ್ಟೇಜ್ ಇದ್ದರೆ ಬೋರ್ಡ್ ಏಳುವುದೇ ಇಲ್ಲ. ಅನಲಾಗ್ ಪಿನ್ನುಗಳಲ್ಲಿ ಎರಡನೇ ಗುಂಪಿನವು ವೈಫೈ ಓಡುವಾಗ ಕೆಲಸ ಮಾಡುವುದಿಲ್ಲ. ಸೆನ್ಸರ್ ಒಂದನ್ನೇ ಹಾಕಿ ನೋಡಿದಾಗ ಸರಿ ಇರುತ್ತದೆ, ವೈಫೈ ಸೇರಿಸಿದ ಕೂಡಲೇ ಕೆಡುತ್ತದೆ. ಹೊಸಬರು ಇಲ್ಲಿ ಎರಡು ಮೂರು ದಿನ ಕಳೆಯುತ್ತಾರೆ.

ಅಪ್‌ಲೋಡ್ ಮಾಡುವಾಗ “ಕನೆಕ್ಟಿಂಗ್” ಅಂತ ಬರೆದು ಚುಕ್ಕಿ ಮೇಲೆ ಚುಕ್ಕಿ ಬರುತ್ತಿದ್ದರೆ, ಬೋರ್ಡಿನ ಬೂಟ್ ಬಟನ್ ಒತ್ತಿ ಹಿಡಿಯಿರಿ. ಶೇಕಡಾವಾರು ಕಾಣಿಸಿದ ಮೇಲೆ ಬಿಡಿ.

ವೈಫೈ 2.4 ಗಿಗಾಹರ್ಟ್ಜ್ ಮಾತ್ರ. ಫೋನಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಜ್‌ನಲ್ಲಿದ್ದರೆ ಬೋರ್ಡಿಗೆ ಅದು ಕಾಣುವುದೇ ಇಲ್ಲ. ಪಾಸ್‌ವರ್ಡ್ ಹತ್ತು ಸಲ ತಿದ್ದುವ ಮೊದಲು ಇದನ್ನು ನೋಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಕಿರಿಕಿರಿ. ಬಹಳಷ್ಟು ಇಎಸ್‌ಪಿ32 ಬೋರ್ಡುಗಳು ತುಂಬಾ ಅಗಲ. ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ವೈರ್ ಚುಚ್ಚಿ ಜೋಡಿಸುವ ತೂತುಗಳ ಹಲಗೆ) ಮೇಲೆ ಕೂರಿಸಿದರೆ ವೈರ್ ಚುಚ್ಚಲು ಒಂದು ಪಕ್ಕ ಜಾಗವೇ ಉಳಿಯುವುದಿಲ್ಲ. ಎರಡು ಬ್ರೆಡ್‌ಬೋರ್ಡ್ ಅಕ್ಕಪಕ್ಕ ಇಟ್ಟು ನಡುವೆ ಕೂರಿಸಿ.

ನನಗೆ ಪೈಥಾನ್ ಗೊತ್ತು. ಆರ್ಡುಯಿನೊದಲ್ಲಿ ಬರೆಯುವ ಸಿ ಭಾಷೆ ಕಲಿಯಲೇಬೇಕಾ?

ಬೇಡ, ಈಗಲೇ ಬೇಡ. ಪಿಕೊ ತಗೊಂಡು ಮೈಕ್ರೋಪೈಥಾನ್ (ಇಂಥ ಪುಟ್ಟ ಬೋರ್ಡಿನಲ್ಲಿ ಓಡುವ ಪೈಥಾನ್) ಹಾಕಿ. ಬಿಳಿ ಬಣ್ಣದ ಬೂಟ್‌ಸೆಲ್ ಬಟನ್ ಒತ್ತಿಕೊಂಡು ಕೇಬಲ್ ಸಿಕ್ಕಿಸಿದರೆ ಪಿಕೊ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ಮೈಕ್ರೋಪೈಥಾನ್ ಫೈಲನ್ನು ಅದರೊಳಗೆ ಎಳೆದು ಹಾಕಿದರೆ ಮುಗಿಯಿತು. ಬರೆಯಲು ಥಾನಿ ಅನ್ನುವ ಸಾಫ್ಟ್‌ವೇರ್ ಬಳಸಿ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆ ಅಂತಲೇ ಮಾಡಿದ್ದು, ಪೂರಾ ಉಚಿತ.

ಪಿಕೊದಲ್ಲಿ ನನಗೆ ತುಂಬಾ ಇಷ್ಟವಾಗುವುದು, ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಆಗಲೇ ಎಲ್‌ಇಡಿ ಹತ್ತುತ್ತದೆ. ಕಂಪೈಲ್ ಆಗಲಿ, ಅಪ್‌ಲೋಡ್ ಆಗಲಿ ಅಂತ ಕಾಯಬೇಕಾಗಿಲ್ಲ. ಸೆನ್ಸರ್ ಮೇಲೆ ಕೈ ಇಟ್ಟು, ಒಂದು ಸಾಲು ಬರೆದು, ಅಂಕಿ ಬದಲಾಗುವುದನ್ನು ನೋಡಬಹುದು.

ಮೊದಲ ಪಿಕೊ 2021ರ ಜನವರಿಯಲ್ಲಿ ಬಂತು, ಆಗ ಬೆಲೆ 4 ಡಾಲರ್. 2022ರಲ್ಲಿ ವೈಫೈ ಇರುವ ಪಿಕೊ ಡಬ್ಲ್ಯೂ, 2024ರಲ್ಲಿ ಪಿಕೊ 2 ಬಂದವು. ಕೊಳ್ಳುವಾಗ ಪಿನ್ ಕಾಲುಗಳು ಹಾಕಿರುವ ಮಾದರಿಯನ್ನೇ ಕೇಳಿ. ಬರಿಯ ಪಿಕೊಗೆ ಕಾಲುಗಳಿರುವುದಿಲ್ಲ, ನೀವೇ ಬೆಸುಗೆ ಹಾಕಬೇಕು.

ಎರಡು ಕಡೆ ಎಲ್ಲರೂ ಎಡವುತ್ತಾರೆ. ಮೊದಲ ಪಿಕೊದಲ್ಲಿ ಬೋರ್ಡಿನ ಎಲ್‌ಇಡಿ 25ನೇ ಪಿನ್ನಿನಲ್ಲಿದೆ. ಪಿಕೊ ಡಬ್ಲ್ಯೂನಲ್ಲಿ ಅದು ವೈಫೈ ಚಿಪ್ಪಿಗೆ ಸೇರಿದೆ, 25 ಅಂತ ಬರೆದರೆ ಹತ್ತುವುದಿಲ್ಲ. ನಂಬರ್ ಬದಲು ‘ಎಲ್‌ಇಡಿ’ ಅನ್ನುವ ಹೆಸರನ್ನೇ ಇಂಗ್ಲಿಷಿನಲ್ಲಿ ಕೊಡಬೇಕು. ಇನ್ನೊಂದು, ಕಂಪ್ಯೂಟರ್ ಇಲ್ಲದೆ ತಾನೇ ಓಡಬೇಕು ಅಂದರೆ ಫೈಲನ್ನು ‘ಮೇನ್ ಡಾಟ್ ಪಿವೈ’ ಅನ್ನುವ ಹೆಸರಲ್ಲಿ ಬೋರ್ಡಿನೊಳಗೇ ಉಳಿಸಬೇಕು.

ಮಗನಿಗೆ ಒಂಬತ್ತು ವರ್ಷ. ಅವನಿಗೆ ಯಾವುದು?

ಮೈಕ್ರೋಬಿಟ್. ಬಿಬಿಸಿ ಮತ್ತು ಜೊತೆಗಾರರು ಸೇರಿ ಮಾಡಿ, 2016ರಲ್ಲಿ ಬ್ರಿಟನ್ನಿನ ಶಾಲಾ ಮಕ್ಕಳಿಗೆ ಸುಮಾರು ಹತ್ತು ಲಕ್ಷ ಬೋರ್ಡುಗಳನ್ನು ಪುಕ್ಕಟೆ ಹಂಚಿದರು. ಬೋರ್ಡಿನ ಮೇಲೇ 25 ಎಲ್‌ಇಡಿ, ಎರಡು ಬಟನ್, ಅಲುಗಾಡಿಸಿದರೆ ತಿಳಿಯುವ ಸೆನ್ಸರ್, ದಿಕ್ಸೂಚಿ ಎಲ್ಲ ಇವೆ. 2020ರ ಎರಡನೇ ಆವೃತ್ತಿಯಲ್ಲಿ ಮೈಕ್, ಸ್ಪೀಕರ್ ಕೂಡ ಬಂದಿವೆ. ಒಂದು ವೈರೂ ಚುಚ್ಚದೆ ಮೊದಲ ಹತ್ತು ಆಟ ಮಾಡಬಹುದು. ಬ್ಲಾಕ್‌ಗಳನ್ನು ಎಳೆದು ಜೋಡಿಸುತ್ತಾ ಹೋದರೆ ಪ್ರೋಗ್ರಾಂ ಆಗುತ್ತದೆ.

ಬೆಲೆ ಯುನೊ ಕ್ಲೋನಿಗಿಂತ ಸಾಕಷ್ಟು ಜಾಸ್ತಿ. ಕೊಳ್ಳುವ ಮೊದಲು ಮಗನ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಕೈಯಾರೆ ಮಾಡಿ ಕಲಿಯಲು ಕೇಂದ್ರ ಸರ್ಕಾರದ ಯೋಜನೆಯ ಪ್ರಯೋಗಾಲಯ) ಇದೆಯಾ ಕೇಳಿ. ಅದು 6ರಿಂದ 12ನೇ ತರಗತಿಯವರಿಗೆ. ಅವನಿಗೆ ಇನ್ನೂ ಎರಡು ಮೂರು ವರ್ಷ ಇದೆ, ಆದರೆ ಅಲ್ಲಿನ ಮೇಷ್ಟ್ರಿಂದ ಸಲಹೆಯಂತೂ ಸಿಗುತ್ತದೆ.

ಒಂದು ಮಾತು ಅಪ್ಪ ಅಮ್ಮಂದಿರಿಗೆ. ವೈರ್ ತಪ್ಪಾದರೆ ನೀವು ಕೈ ಹಾಕಿ ಸರಿಮಾಡಬೇಡಿ. “ಈ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಬೆರಳಿಟ್ಟು ತೋರಿಸು ಮರಿ” ಅನ್ನಿ. ಬೆರಳು ಅರ್ಧ ದಾರಿ ಹೋಗುವಷ್ಟರಲ್ಲಿ ಅವನೇ ಕಂಡುಹಿಡಿಯುತ್ತಾನೆ.

ನಮ್ಮ ಕಾಲೇಜಿನಲ್ಲಿ 8051 ಇದೆ. ಅದನ್ನೇ ಕೊಳ್ಳಬೇಕಾ?

8051 ಇಂಟೆಲ್ 1980ರಲ್ಲಿ ಮಾಡಿದ ಚಿಪ್. ಮೂಲದಲ್ಲಿ 4 ಕೆಬಿ ಪ್ರೋಗ್ರಾಂ ಜಾಗ, 128 ಬೈಟ್ ರ್‍ಯಾಮ್. ಕೆಬಿ ಅಲ್ಲ, ಬೈಟ್. ಪಠ್ಯದಲ್ಲಿ ಇರುವುದಕ್ಕೆ ಕಾರಣವಿದೆ: ರಿಜಿಸ್ಟರ್, ಟೈಮರ್, ಇಂಟರಪ್ಟ್ ಎಲ್ಲವನ್ನೂ ಕಪ್ಪು ಹಲಗೆಯ ಮೇಲೆ ಪೂರ್ತಿ ಬಿಡಿಸಿ ತೋರಿಸುವಷ್ಟು ಚಿಕ್ಕದು ಅದು.

ಲ್ಯಾಬಿನಲ್ಲಿ, ಪರೀಕ್ಷೆಗೆ ಅದನ್ನು ಚೆನ್ನಾಗಿ ಕಲಿಯಿರಿ. ಆದರೆ ಮನೆಗೆ ಕೊಳ್ಳುವುದು ಯುನೊ ಆಗಲಿ. ಎರಡನ್ನೂ ಜೋಡಿಸಿಕೊಂಡರೆ ಇನ್ನೂ ಒಳ್ಳೆಯದು. ಯುನೊದ 13ನೇ ಪಿನ್ ಅಂದರೆ ಚಿಪ್ಪಿನ ಒಳಗೆ ಪೋರ್ಟ್ ಬಿ, 5ನೇ ಬಿಟ್. ಪಿನ್ ಆನ್ ಆಫ್ ಮಾಡುವ ಡಿಜಿಟಲ್‌ರೈಟ್ ಆಜ್ಞೆ ಬಿಟ್ಟು ಆ ರಿಜಿಸ್ಟರಿಗೆ ನೇರವಾಗಿ ಬರೆದು ಎಲ್‌ಇಡಿ ಉರಿಸಿ ನೋಡಿ. 8051ರಲ್ಲಿ ಪಿ1 ಪೋರ್ಟಿಗೆ ನೀವು ಮಾಡಿದ್ದೂ ಇದೇ. ತರಗತಿಯಲ್ಲಿ ಒಣಒಣ ಅನ್ನಿಸಿದ್ದು ಕಣ್ಣ ಮುಂದೆ ಬೆಳಗುತ್ತದೆ.

ಎಸ್‌ಟಿಎಂ32?

ಅದೂ ಒಂದು ಮೈಕ್ರೋಕಂಟ್ರೋಲರ್ ಚಿಪ್ಪುಗಳ ಕುಟುಂಬ. ಕೆಲಸಕ್ಕೆ ಸೇರಬೇಕು ಅನ್ನುವವರಿಗೆ ತುಂಬಾ ಒಳ್ಳೆಯದು, ಎರಡನೇ ಬೋರ್ಡಾಗಿ. ಆಗ ನ್ಯೂಕ್ಲಿಯೊ ಬೋರ್ಡ್ ತಗೊಳ್ಳಿ, ಪ್ರೋಗ್ರಾಂ ಹಾಕುವ ಮತ್ತು ಡಿಬಗ್ ಮಾಡುವ (ತಪ್ಪು ಹುಡುಕುವ) ಸಾಧನ ಅದರಲ್ಲೇ ಇರುತ್ತದೆ. ಅಗ್ಗ ಅಂತ ಬ್ಲೂ ಪಿಲ್ ಅನ್ನುವ ಇನ್ನೊಂದು ಎಸ್‌ಟಿಎಂ32 ಬೋರ್ಡ್ ತಗೊಂಡರೆ ಅದನ್ನು ಬೇರೆಯಾಗಿ ಕೊಳ್ಳಬೇಕು.

ಏನೂ ಕೊಳ್ಳದೆ ಶುರು ಮಾಡಬಹುದಾ?

ಖಂಡಿತ. ವೋಕ್ವಿ ಅನ್ನುವ ಸಿಮ್ಯುಲೇಟರ್ ಬ್ರೌಸರಿನಲ್ಲೇ ಓಡುತ್ತದೆ, ಯುನೊ, ಇಎಸ್‌ಪಿ32, ಪಿಕೊ ಮೂರೂ ಇವೆ. ಟಿಂಕರ್‌ಕ್ಯಾಡ್‌ನಲ್ಲಿ ಯುನೊ, ಮೈಕ್ರೋಬಿಟ್ ಇವೆ. ಒಂದು ವಾರ ಅಲ್ಲಿ ಆಡಿ, ಮನಸ್ಸು ಕೂತರೆ ಆಮೇಲೆ ಕೊಳ್ಳಿ. ಸಿಮ್ಯುಲೇಟರಿನಲ್ಲಿ ಲೂಸ್ ಆದ ವೈರ್ ಇರುವುದಿಲ್ಲ, ಅದನ್ನು ಮಾತ್ರ ನೆನಪಿಡಿ.

ಲ್ಯಾಪ್‌ಟಾಪ್ ಹಳೆಯದಾದರೂ ಚಿಂತೆಯಿಲ್ಲ. ಆರ್ಡುಯಿನೊ ಐಡಿಇ, ಅಂದರೆ ಕೋಡ್ ಬರೆದು ಬೋರ್ಡಿಗೆ ಕಳಿಸುವ ಸಾಫ್ಟ್‌ವೇರ್, ಅದರ ಎರಡನೇ ಆವೃತ್ತಿಗೆ 64 ಬಿಟ್ ವಿಂಡೋಸ್ 10 ಬೇಕು. ನಿಮ್ಮದು ಅದಕ್ಕಿಂತ ಹಳೆಯದಾದರೆ 1.8.19 ಆವೃತ್ತಿ ಹಾಕಿ, ಯುನೊಗೆ ಅದು ಧಾರಾಳ.

ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಅಷ್ಟಕ್ಕಷ್ಟೆ. ಆಗುತ್ತಾ?

ಆಗುತ್ತದೆ. ಮೊದಲ ಎರಡು ತಿಂಗಳಿಗೆ ಬೇಕಾಗುವುದು ಇಪ್ಪತ್ತು ಮೂವತ್ತು ಪದ: ಇಫ್, ಎಲ್ಸ್, ಲೂಪ್, ಡಿಲೇ, ರೀಡ್, ರೈಟ್ ಇಂಥವು. ಅವನ್ನು ಇಂಗ್ಲಿಷ್ ಅಂತ ನೋಡಬೇಡಿ. ಸ್ಪ್ಯಾನರ್, ಗೇರ್, ಕ್ಲಚ್ ಅನ್ನುವ ಹಾಗೆ ಕೆಲಸದ ಪದ ಅಷ್ಟೇ.

ಕೋಡಿನ ಪಕ್ಕ ಬರೆಯುವ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಿರಿ. ಎರಡು ಗೀಟು ಎಳೆದು “ಟ್ಯಾಂಕ್ ತುಂಬಿದರೆ ಬಜರ್ ಕೂಗಲಿ” ಅಂತ ಬರೆದರೆ ಬೋರ್ಡಿಗೆ ಏನೂ ತೊಂದರೆಯಿಲ್ಲ. ಮೂರು ತಿಂಗಳ ನಂತರ ತೆರೆದಾಗ ನಿಮಗೆ ತಟ್ಟನೆ ಅರ್ಥವಾಗುತ್ತದೆ. ಹೇಳಿಕೊಡುವಾಗ ನಾನು ಮೊದಲು ಟಿಪ್ಪಣಿಗಳನ್ನೇ ಬರೆಸುತ್ತೇನೆ. ಏನು ಆಗಬೇಕು ಅನ್ನುವುದು ಕನ್ನಡದಲ್ಲಿ ಸ್ಪಷ್ಟವಾದರೆ ಕೋಡ್ ಹಿಂದೆಯೇ ಬರುತ್ತದೆ.

ಡಿಸ್‌ಪ್ಲೇ ಮೇಲೆ ಕನ್ನಡ ತೋರಿಸಬಹುದಾ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಖುಷಿ. ಕಿಟ್‌ಗಳಲ್ಲಿ ಬರುವ 16 × 2 ಡಿಸ್‌ಪ್ಲೇಯಲ್ಲಿ ಕನ್ನಡ ಅಕ್ಷರಗಳಿಲ್ಲ. ನಾವೇ ಬರೆದು ಸೇರಿಸಲು ಎಂಟು ಅಕ್ಷರಗಳಿಗೆ ಮಾತ್ರ ಜಾಗವಿದೆ, ಒಂದೊಂದೂ 5 × 8 ಚುಕ್ಕಿಗಳಲ್ಲಿ ಹಿಡಿಸಬೇಕು. ‘ರ’, ‘ಗ’ ಹೇಗೋ ಕೂರುತ್ತವೆ. ‘ನೀರು’ ಬರೆಯುವಾಗ ದೀರ್ಘವನ್ನು ಎಲ್ಲಿಡುವುದು, ಕೊಂಬನ್ನು ಎಲ್ಲಿಡುವುದು ಅಂತ ತಿಣುಕಬೇಕು. ಒತ್ತಕ್ಷರಕ್ಕೆ ಕೆಳಗೆ ಜಾಗವೇ ಇಲ್ಲ.

ಒಎಲ್‌ಇಡಿ ಡಿಸ್‌ಪ್ಲೇ ಇದಕ್ಕೆ ಸರಿ. 128 × 64 ಚುಕ್ಕಿಗಳಿರುತ್ತವೆ. ಬೇಕಾದ ಪದವನ್ನು ಕಂಪ್ಯೂಟರಿನಲ್ಲಿ ದೊಡ್ಡದಾಗಿ ಬರೆದು, ಕಪ್ಪು ಬಿಳುಪು ಚಿತ್ರ ಮಾಡಿ, ಆ ಚಿತ್ರವನ್ನೇ ಕೋಡಿನೊಳಗೆ ಹಾಕಬೇಕು. ಇಲ್ಲಿ ಬೋರ್ಡಿನ ಆಯ್ಕೆ ಮತ್ತೆ ಬರುತ್ತದೆ. ಒಂದು ಪೂರ್ತಿ ಪರದೆಗೆ 1,024 ಬೈಟ್ ರ್‍ಯಾಮ್ ಬೇಕು. ಯುನೊ ಆರ್3ರಲ್ಲಿ ಇರುವುದೇ 2,048, ಅರ್ಧ ಅಲ್ಲಿಗೇ ಹೋಯಿತು. ಪಿಕೊದಲ್ಲಿ 264 ಕೆಬಿ ಇದೆ, ಅದಕ್ಕೆ ಇದು ಲೆಕ್ಕಕ್ಕೇ ಇಲ್ಲ. ಕನ್ನಡ ತೋರಿಸುವುದೇ ನಿಮ್ಮ ಗುರಿಯಾದರೆ ಪಿಕೊ ಅಥವಾ ಇಎಸ್‌ಪಿ32 ತಗೊಳ್ಳಿ.

ಬೋರ್ಡ್ ಜೊತೆ ಇನ್ನೇನು ಬೇಕು?

ಬ್ರೆಡ್‌ಬೋರ್ಡ್, ಜಂಪರ್ ವೈರ್, ಹತ್ತು ಎಲ್‌ಇಡಿ, 220 ಮತ್ತು 470 ಓಮ್ ರೆಸಿಸ್ಟರ್, ನಾಲ್ಕು ಪುಶ್ ಬಟನ್, ಒಂದು ಬಜರ್, 10 ಕೆ ಪೊಟೆನ್ಶಿಯೋಮೀಟರ್ (ತಿರುಗಿಸಿ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್) ಒಂದು, ಉಷ್ಣಾಂಶಕ್ಕೆ ಡಿಎಚ್‌ಟಿ11 ಒಂದು. ಸಾಧ್ಯವಾದರೆ ಮಲ್ಟಿಮೀಟರ್. 37 ಸೆನ್ಸರುಗಳ ದೊಡ್ಡ ಕಿಟ್ ಬೇಡ, ಅದರಲ್ಲಿ ಮೂವತ್ತು ಡಬ್ಬಿಯಲ್ಲೇ ಉಳಿಯುತ್ತವೆ.

ಮತ್ತೆ ಕೇಬಲ್. ದಯವಿಟ್ಟು ಕೇಬಲ್ ವಿಷಯದಲ್ಲಿ ಜಾಗ್ರತೆ. ಒಮ್ಮೆ ಒಬ್ಬ ಹುಡುಗಿ ಹೊಸ ಬೋರ್ಡ್ ತಂದಿದ್ದಳು. ಸಿಕ್ಕಿಸಿದರೆ ಕೆಂಪು ದೀಪ ಹತ್ತುತ್ತದೆ, ಆದರೆ ಕಂಪ್ಯೂಟರಿನಲ್ಲಿ ಪೋರ್ಟ್ ಇಲ್ಲ. ಡ್ರೈವರ್ ಹಾಕಿದೆವು, ತೆಗೆದೆವು, ಮತ್ತೆ ಹಾಕಿದೆವು. ಬೇರೆ ಲ್ಯಾಪ್‌ಟಾಪ್ ನೋಡಿದೆವು. ಎರಡು ಗಂಟೆ ಆಯಿತು, ಅವಳ ಮುಖ ಸಣ್ಣಗಾಗಿತ್ತು. ಕೊನೆಗೆ ಬೇರೆ ಕೇಬಲ್ ಹಾಕಿದರೆ ಒಂದು ಸೆಕೆಂಡಿನಲ್ಲಿ ಪೋರ್ಟ್ ಬಂತು. ಮೊದಲಿನದು ಬರೀ ಚಾರ್ಜಿಂಗ್ ಕೇಬಲ್. ಕರೆಂಟಿನ ಎರಡು ವೈರ್ ಇತ್ತು, ಡೇಟಾದ ಎರಡು ವೈರ್ ಒಳಗೆ ಇರಲೇ ಇಲ್ಲ. ಆ ಕೇಬಲ್ಲಿನಲ್ಲಿ ಫೋನಿನಿಂದ ಕಂಪ್ಯೂಟರಿಗೆ ಫೋಟೋ ಹೋಗುತ್ತದಾ ಅಂತ ಮೊದಲು ನೋಡಿ. ಹೋದರೆ ಬೋರ್ಡಿಗೂ ಆಗುತ್ತದೆ.

ಸಂಪಿನ ಮೋಟಾರು ತಾನೇ ಆನ್ ಆಫ್ ಆಗುವ ಹಾಗೆ ಮಾಡಬೇಕು. ಯಾವ ಬೋರ್ಡ್?

ಬಹಳ ಜನ ಕಲಿಯಲು ಬರುವುದೇ ಇದಕ್ಕಾಗಿ. ಬೆಳಿಗ್ಗೆ ಮೋಟಾರು ಹಾಕಿ ಮರೆತು, ಟ್ಯಾಂಕ್ ಉಕ್ಕಿ ಪಕ್ಕದ ಮನೆಯವರು ಕೂಗಿ ಹೇಳುವ ತನಕ ಗೊತ್ತಾಗದ ಮನೆ ಯಾವುದಿದೆ?

ಬೋರ್ಡ್ ಯುನೊ ಸಾಕು. ಸೆನ್ಸರ್ ವಿಷಯದಲ್ಲಿ ಎಲ್ಲರೂ ಮೊದಲು ಎಚ್‌ಸಿ-ಎಸ್‌ಆರ್04 ತರುತ್ತಾರೆ. ಟ್ಯಾಂಕಿನ ಮುಚ್ಚಳದ ಕೆಳಗೆ ಸದಾ ಹಬೆ, ತೇವ. ಆ ತೆರೆದ ಸೆನ್ಸರ್ ಅಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ನೀರಿಗೆ ತಡೆಯುವ ಮಾದರಿ ಇದೆ, ಆದರೆ ಅದಕ್ಕೆ ತೀರಾ ಹತ್ತಿರ ಬಂದ ನೀರು ಕಾಣುವುದಿಲ್ಲ, ಸುಮಾರು ಒಂದು ಗೇಣಿಗಿಂತ ಎತ್ತರದಲ್ಲಿ ಕೂರಿಸಬೇಕು. ನನ್ನ ಸಲಹೆ: ಮೇಲೊಂದು ಕೆಳಗೊಂದು ಫ್ಲೋಟ್ ಸ್ವಿಚ್ ಹಾಕಿ. ನೀರು ಎತ್ತಿದರೆ ಸ್ವಿಚ್ ಆನ್ ಆಗುತ್ತದೆ, ಇಳಿದರೆ ಆಫ್ ಆಗುತ್ತದೆ. ಬೋರ್ಡಿಗೆ ಅದು ಒಂದು ಬಟನ್ ಇದ್ದ ಹಾಗೆ. ಓದುವ ಪಿನ್ನಿಗೆ ಕೋಡಿನಲ್ಲಿ ‘ಇನ್‌ಪುಟ್ ಪುಲ್‌ಅಪ್’ ಕೊಡಲು ಮರೆಯಬೇಡಿ. ಕೊಡದಿದ್ದರೆ ಪಿನ್ ಗಾಳಿಯಲ್ಲಿ ತೇಲುತ್ತಾ ಸುಳ್ಳು ಸುಳ್ಳು ಓದುತ್ತದೆ.

ಈಗ ಮೋಟಾರು. ಇಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. 230 ವೋಲ್ಟ್ ಜೀವ ತೆಗೆಯುತ್ತದೆ, ಒದ್ದೆ ಸಂಪಿನ ಪಕ್ಕದಲ್ಲಂತೂ ಸರಿಯೇ. ಅಂಗಡಿಯ ನೀಲಿ ರಿಲೇ ಮಾಡ್ಯೂಲಿಗೆ (ಬೋರ್ಡ್ ಹೇಳಿದಂತೆ ಆನ್ ಆಫ್ ಆಗುವ ಸ್ವಿಚ್) 10 ಆಂಪ್ ಅಂತ ಬರೆದಿರುತ್ತದೆ. ಆದರೆ ಮೋಟಾರು ಶುರುವಾಗುವ ಕ್ಷಣ ಎಳೆಯುವ ಕರೆಂಟ್ ಮಾಮೂಲಿಗಿಂತ ಹಲವು ಪಟ್ಟು. ರಿಲೇಯ ಒಳಗಿನ ತುದಿಗಳು ಅಂಟಿಕೊಂಡರೆ ನೀವು ಆಫ್ ಮಾಡಿದರೂ ಮೋಟಾರು ನಿಲ್ಲುವುದಿಲ್ಲ. ರಿಲೇಯಿಂದ ಕಾಂಟ್ಯಾಕ್ಟರ್ (ಮೋಟಾರಿನ ದೊಡ್ಡ ಕರೆಂಟ್ ತಡೆಯುವ ಸ್ವಿಚ್), ಕಾಂಟ್ಯಾಕ್ಟರಿನಿಂದ ಮೋಟಾರು, ಹಾಗೆ ಇರಬೇಕು. ಆ ಭಾಗವನ್ನು ಎಲೆಕ್ಟ್ರಿಷಿಯನ್ ಮಾಡಲಿ. ಮೊದಲ ಆರು ತಿಂಗಳು ನೀವು ಟ್ಯಾಂಕ್ ತುಂಬಿದಾಗ ಬಜರ್ ಕೂಗಿಸುವಷ್ಟಕ್ಕೇ ನಿಲ್ಲಿಸಿ. ಸ್ವಿಚ್ಚನ್ನು ಕೈಯಲ್ಲೇ ಆರಿಸಿ. ಅಷ್ಟರಿಂದಲೇ ಮನೆಯ ತಲೆನೋವು ಮುಕ್ಕಾಲು ಕಡಿಮೆಯಾಗುತ್ತದೆ.

ಎರಡನೇ ಬೋರ್ಡ್ ಯಾವಾಗ?

ಮೊದಲನೆಯದು “ನನ್ನಿಂದ ಆಗಲ್ಲ” ಅಂದಾಗ. ಮೆಮೊರಿ ಸಾಲುತ್ತಿಲ್ಲ, ಪಿನ್ ಸಾಲುತ್ತಿಲ್ಲ, ವೈಫೈ ಬೇಕೇ ಬೇಕು, ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಓಡಬೇಕು. ಇಂಥ ಕಾರಣವನ್ನು ಒಂದು ಸಾಲಿನಲ್ಲಿ ಹೇಳಲು ಬಂದರೆ ಕೊಳ್ಳಿ. ಯುನೊದಲ್ಲಿ ಕಲಿತದ್ದು ಯಾವುದೂ ವ್ಯರ್ಥವಾಗುವುದಿಲ್ಲ, ಅದೇ ಸಾಫ್ಟ್‌ವೇರಿನಲ್ಲಿ ಇಎಸ್‌ಪಿ32ಗೆ ಬರೆಯುತ್ತೀರಿ.

ಶನಿವಾರ ಬೋರ್ಡ್ ಕೈಗೆ ಬರುತ್ತದೆ. ಮೊದಲ ದಿನ ಏನು ಮಾಡಲಿ?

ಯುನೊ ಅಂತ ಇಟ್ಟುಕೊಳ್ಳೋಣ. ಐಡಿಇಯ ಉದಾಹರಣೆಗಳಲ್ಲಿ ಬ್ಲಿಂಕ್ ತೆರೆದು ಅಪ್‌ಲೋಡ್ ಮಾಡಿ. ಬೋರ್ಡಿನ ಪುಟ್ಟ ಎಲ್‌ಇಡಿ ಒಂದು ಸೆಕೆಂಡು ಹತ್ತಿ, ಒಂದು ಸೆಕೆಂಡು ಆರುತ್ತದೆ. ಎರಡು ಕಡೆ 1000 ಅಂತ ಇದೆ. ಒಂದನ್ನು 100 ಮಾಡಿ, ಅಪ್‌ಲೋಡ್ ಮಾಡುವ ಮೊದಲು ಏನಾಗುತ್ತದೆ ಅಂತ ಹಾಳೆಯ ಮೇಲೆ ಬರೆಯಿರಿ. ಆಮೇಲೆ ನೋಡಿ. ಎರಡನ್ನೂ 10 ಮಾಡಿ. ಈಗ ಮಿನುಗುವುದು ಕಾಣುವುದಿಲ್ಲ, ಸ್ವಲ್ಪ ಮಂಕಾಗಿ ಸದಾ ಉರಿಯುವ ಹಾಗೆ ಕಾಣುತ್ತದೆ. ಬೋರ್ಡನ್ನು ಕೈಯಲ್ಲಿ ಹಿಡಿದು, ಕೋಣೆಯ ದೀಪ ಆರಿಸಿ, ಬೇಗ ಬೇಗ ಅತ್ತಿತ್ತ ಬೀಸಿ. ಬೆಳಕಿನ ಗೆರೆ ತುಂಡು ತುಂಡಾಗಿ ಕಾಣುತ್ತದೆ. ಆ ತುಂಡುಗಳ ನಡುವಿನ ಕತ್ತಲೆಯೇ ನೀವು ಬರೆದ ಎರಡನೇ 10.